ಗೇರ್ ಪೆಟ್ಟಿಗೆಯಲ್ಲಿ ಬಾಳೆಹಣ್ಣು

ಕಳೆದ ತಿಂಗಳು ರಾಮನಾಥಪುರದಿಂದ ಹಾಸನಕ್ಕೆ ವಾಪಸ್ಸಾಗುತ್ತಿದ್ದಾಗ ಅರಕಲಗೂಡು ದಾಟಿದ ಮೇಲೆ ಕಾರು ನಿಲ್ಲಿಸಿ, ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡೆ. ಊಟದಲ್ಲಿ ದೋಷವಿರಲಿಲ್ಲ. ಡಿಕ್ಕಿಯಲ್ಲಿ ಎರಡು ಸಾಮಾನುಗಳಿದ್ದವು. ಮಾವನವರ ಟಿಲ್ಲರ್‌ಗೆಂದು ಕೊಂಡು, ಕೊಡಲು ಮರೆತಿದ್ದ ಗೇರ್ ಆಯಿಲ್ ಡಬ್ಬಿ ಒಂದು. ನಾಲ್ಕು ದಿನದ ಹಿಂದೆ ಯಾರದೋ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟಿದ್ದ ಬಾಳೆಹಣ್ಣಿನ ಚಿಪ್ಪು ಇನ್ನೊಂದು. ಡಬ್ಬಿಯ ಮುಚ್ಚಳ ಸಡಿಲವಾಗಿ ಆಯಿಲ್ ಸೋರಿತ್ತು. ಬಿಸಿಲಿಗೆ ಹಣ್ಣು ಕೊಳೆತು ಅದರೊಳಗೆ ಕಲಸಿಹೋಗಿತ್ತು. ಕಾರಿನ ಕಿಟಕಿ ಮುಚ್ಚಿದ್ದರಿಂದ ಆ ವಾಸನೆ ಹಿಂದಿನ ಸೀಟು ದಾಟಿ, ನನ್ನ ಕತ್ತಿನ ಹಿಂಬದಿಗೆ ಯಾರೋ ಒದ್ದೆ ಕೈ ಇಟ್ಟ ಹಾಗೆ ಬಂತು.

ಹೆಂಡತಿ ನೀರಿನ ಬಾಟಲಿ ಹಿಡಿದುಕೊಂಡು, "ಒಂದು ಕೊಳೆತ ಹಣ್ಣಿಗೆ ಇಷ್ಟೊಂದು ಹೇಸಿಗೆಯೇನ್ರೀ?" ಎಂದಳು.

ಮದುವೆಯಾಗಿ ಹದಿನಾರು ವರ್ಷವಾಯಿತು. ನಾನು ಬಾಳೆಹಣ್ಣು ತಿನ್ನುವುದಿಲ್ಲವೆಂಬುದು ಅವಳಿಗೆ ಗೊತ್ತು. ಯಾಕೆ ಎಂಬುದನ್ನು ಅವತ್ತಿನವರೆಗೂ ಹೇಳಿರಲಿಲ್ಲ.

ಬಾಳೆಹಣ್ಣು ತಿನ್ನದ ಇನ್ನೊಬ್ಬರನ್ನು ನಾನು ಬಲ್ಲೆ. ಹೊಳೆನರಸೀಪುರದಲ್ಲಿ, ಹಳೇಕೋಟೆ ಕಡೆಗೆ ಹೊರಳುವ ರಸ್ತೆಯಲ್ಲಿ, ಅವರದೊಂದು ತಗಡಿನ ಶೆಡ್ಡಿತ್ತು. ಎಲ್ಲರೂ ಅವರನ್ನು ಗೇರ್ ಮೇಸ್ತ್ರಿ ಎನ್ನುತ್ತಿದ್ದರು. ಇಂಜಿನ್ ಕೆಟ್ಟಿದೆ ಎಂದು ಯಾರಾದರೂ ಹೋದರೆ ಕೈ ಮುಗಿದು, "ಎದೆ ನೋವಿಗೆ ಬೇರೆ ಡಾಕ್ಟ್ರವ್ರೆ, ಓಗಿ. ನಂದೇನಿದ್ರೂ ಸೊಂಟದಿಂದ ಕೆಳಗಿನ ಕಾಯ್ಲೆ" ಎಂದು ನಗಿಸಿ ಕಳುಹಿಸುತ್ತಿದ್ದರು. ಐವತ್ತೈದರ ಆಸುಪಾಸಿನ ಒಣಕಲು ಮನುಷ್ಯ. ದಿನವೆಲ್ಲ ಆಯಿಲ್ಲಿನಲ್ಲೇ ಕೈ ಅದ್ದಿರುತ್ತಿದ್ದರೂ ಅಂಗಿಯ ಮೇಲೆ ಒಂದು ಕಲೆ ಕಾಣುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮೊದಲು ಬೂದಿ, ಆಮೇಲೆ ಸೀಗೇಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದರು. ಅಷ್ಟು ಹೊತ್ತು ಕೈ ತೊಳೆಯುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಾನು ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸದ ಅರ್ಜಿಗಳನ್ನು ಹಾಕುತ್ತ, ಹಳೇಕೋಟೆಯ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಪ್ಪನ ಬಳಿ ನನಗಿಂತ ವಯಸ್ಸಾದ ಒಂದು ಕೆಂಪು ಟ್ರಾಕ್ಟರ್ ಇತ್ತು. ಅದಕ್ಕೂ ಒಂದೂವರೆ ವರ್ಷದ ಹಿಂದೆ ಚನ್ನರಾಯಪಟ್ಟಣದಲ್ಲಿ ದಲ್ಲಾಳಿಯೊಬ್ಬನ ಮೂಲಕ ಕೊಂಡದ್ದು. ಹೊಸದಾಗಿ ಬಣ್ಣ ಬಳಿದಿದ್ದರು. ಕೊಳ್ಳುವಾಗ ದೊಡ್ಡಪ್ಪ ಉದ್ದನೆಯ ಸ್ಕ್ರೂಡ್ರೈವರ್ ಒಂದರ ತುದಿಯನ್ನು ಗೇರ್ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ್ದರಂತೆ. ನಮ್ಮ ಕಡೆ ಹಳೇ ಗಾಡಿ ಕೊಳ್ಳುವ ಎಲ್ಲರೂ ಮಾಡುವುದು ಅದನ್ನೇ. ಎತ್ತಿಗೆ ಹಲ್ಲು ನೋಡುತ್ತಾರೆ, ಗಾಡಿಗೆ ಸದ್ದು ಕೇಳುತ್ತಾರೆ. "ಒಳಗೆ ಗಿಣಿ ಮಲಗ್ದಂಗಿತ್ತು ಕಣ್ಲಾ, ಒಂದು ಸದ್ದಿಲ್ಲ" ಎಂದು ಅವರು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ತಿಂಗಳಿಗೆ ಗಿಣಿ ಎದ್ದಿತು. ಮೊದಲು ಎರಡನೇ ಗೇರಿನಲ್ಲಿ ಕೊರಗುವ ಸದ್ದು. ಆಮೇಲೆ ಹೋಗುತ್ತಿದ್ದಂತೆಯೇ ಗೇರು ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬೀಳುವುದು. ದೊಡ್ಡಪ್ಪ ಸೈಕಲ್ ಟ್ಯೂಬನ್ನು ಸೀಳಿ ಗೇರ್ ಕಡ್ಡಿಯನ್ನು ಸೀಟಿನ ಕಂಬಿಗೆ ಬಿಗಿದರು. ಟ್ಯೂಬು ಸಡಿಲವಾದಾಗ ಮಡ್‌ಗಾರ್ಡಿನ ಮೇಲೆ ಒಬ್ಬರನ್ನು ಕೂರಿಸಿ, ಕಡ್ಡಿಯನ್ನು ಕಾಲಿನಿಂದ ಒತ್ತಿ ಹಿಡಿಸುತ್ತಿದ್ದರು. ಇದು ಅವರ ಬುದ್ಧಿಯೇನಲ್ಲ. ಆಗ ಸುತ್ತಲಿನ ಎಷ್ಟೋ ಹಳೇ ಟ್ರಾಕ್ಟರುಗಳು ಓಡುತ್ತಿದ್ದುದೇ ಹಾಗೆ. ಅದನ್ನು 'ಕಾಲು ಕೊಡುವುದು' ಎನ್ನುತ್ತಿದ್ದರು. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದವನು ನಾನಾದ್ದರಿಂದ ಕಾಲು ಕೊಡುವ ಕೆಲಸ ನನಗೆ ಬಂತು.

ಆ ವರ್ಷ ಆಲೂಗಡ್ಡೆ ಕೀಳುವ ಹೊತ್ತಿಗೆ ಗೇರು ನಿಲ್ಲುವುದೇ ಕಷ್ಟವಾದಾಗ ಮೇಸ್ತ್ರಿಯನ್ನು ಕರೆಸಿದರು. ಅವರು ಚನ್ನರಾಯಪಟ್ಟಣದ ಯಾವುದೋ ಶೆಡ್ಡು ಬಿಟ್ಟು ಹೊಳೆನರಸೀಪುರಕ್ಕೆ ಬಂದು ವರ್ಷವಾಗಿತ್ತಷ್ಟೆ. ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಬಂದವರು ಬೋಲ್ಟ್ ಬಿಚ್ಚುವ ಪಾನಾ ಮುಟ್ಟಲಿಲ್ಲ. ನನ್ನನ್ನು ಸೀಟಿನ ಮೇಲೆ ಹತ್ತಿಸಿ, ಕ್ಲಚ್ ಒತ್ತಿ ಐದು ಎಣಿಸಿ ಗೇರ್ ಹಾಕಲು ಹೇಳಿದರು. ಕರಕರ ಎನ್ನದೆ ಬಿತ್ತು. "ಕ್ಲಚ್ಚಿಗೇನಾಗಿಲ್ಲ" ಎಂದರು. ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಓಡಿಸಲು ಹೇಳಿ ಪೆಟ್ಟಿಗೆಗೆ ಅಂಗೈ ಒತ್ತಿ ನಿಂತರು. ಸ್ಕ್ರೂಡ್ರೈವರ್ ಕಿವಿಗಿಡಲಿಲ್ಲ. ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ಎಷ್ಟು ಸಡಿಲವಿದೆ ಎಂದು ನೋಡಿದರು. ಆಮೇಲೆ ಎರಡನೇ ಗೇರಿನಲ್ಲಿ ಊರ ಮುಂದಿನ ದಿಬ್ಬ ಹತ್ತಿಸಿದರು, ಗೇರು ಕಳಚದೆ ನಿಂತಿತು. ಇಳಿಸಿದರು; ಅರ್ಧ ಇಳಿಯುವಷ್ಟರಲ್ಲಿ ಟಕ್ಕೆಂದು ಕಳಚಿತು.

"ನೋಡಿ ಬೀಯೆಸ್ಸಿ ಸಾ," ಎಂದರು ನನಗೆ. ಮೊದಲ ಗಳಿಗೆಯಿಂದ ನನ್ನನ್ನು ಕರೆದದ್ದು ಹಾಗೇ. "ಎಳೆಯುವಾಗ ಬಿಡಾಕಿಲ್ಲ. ಇಂದ್ಲಿಂದ ತಳ್ಳುದ್ರೆ ಬಿಡ್ತದೆ. ಒಳಗಡೆ ಗೇರಿನ ಅಲ್ಲು ಓರೆಯಾಗಿ ಸವೆದವೆ. ಮ್ಯಾಲೆ ಅದ್ನ ಇಡ್ಕಳೋ ಸ್ಪ್ರಿಂಗಿಗೂ ಜೀವಿಲ್ಲ. ಇಳಿಜಾರಲ್ಲಿ ಲೋಡು ತಳ್ತು ಅಂದ್ರೆ ಯಾರಪ್ಪನ್ ಮಾತೂ ಕೇಳಾಕಿಲ್ಲ."

ಮಧ್ಯಾಹ್ನ ಊಟಕ್ಕೆ ಕೂರಿಸಿದೆವು. ಎಲೆಯ ತುದಿಗೆ ದೊಡ್ಡಮ್ಮ ಹಣ್ಣಿಡಲು ಬಂದಾಗ ಮೇಸ್ತ್ರಿ ಅಂಗೈ ಅಡ್ಡ ಹಿಡಿದರು. "ಬ್ಯಾಡ ಕಣವ್ವ, ನಂಗೆ ಬಾಳೇಅಣ್ಣು ಒಗ್ಗಾಕಿಲ್ಲ." ದೊಡ್ಡಮ್ಮ, "ರಸಬಾಳೆ ಕಣಪ್ಪ, ಏನೂ ಆಗಾಕಿಲ್ಲ" ಎಂದು ಒತ್ತಾಯ ಮಾಡಿದರು. ಅವರು ಎಲೆಯನ್ನೇ ಮಡಿಚಿ ಎದ್ದುಬಿಟ್ಟರು. ಅನ್ನ ಅರ್ಧ ಉಳಿದಿತ್ತು. ಎಷ್ಟು ಬಿಗುಮಾನದ ಮನುಷ್ಯ ಎಂದುಕೊಂಡೆ ಆಗ...

ಊಟವಾದ ಮೇಲೆ ಗೇರ್ ಪೆಟ್ಟಿಗೆಯ ಅಡಿಯ ಪ್ಲಗ್ ಬಿಚ್ಚಿ, ಕೆಳಗೆ ಹಳೇ ಬಾಂಡಲಿ ಇಟ್ಟರು. ಆಯಿಲ್ ಸ್ವಲ್ಪ ಸುರಿದು ನಿಂತುಹೋಯಿತು. ತಂತಿ ತೂರಿಸಿ ಕೆದಕಿದರು. ಆಗ ಬಂತು ಅದು. ಬೂದು ಬಣ್ಣದ ಅಂಬಲಿಯಂಥದ್ದು, ಅದರೊಳಗೆ ಕೂದಲಿನಂಥ ಕಪ್ಪು ನಾರುಗಳು ಉಂಡೆಗಟ್ಟಿ, ಲೊಳಕ್ ಲೊಳಕ್ ಎಂದು ಬಾಂಡಲಿಗೆ ಬಿತ್ತು. ಜೊತೆಗೆ ಬಂದ ವಾಸನೆಗೆ ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಗೇರ್ ಆಯಿಲ್ಲಿಗೆ ಮೊದಲೇ ಗಂಧಕದ ಗಬ್ಬಿರುತ್ತದೆ. ಅದರ ಮೇಲೆ ಹುಳಿತ ಸಿಹಿ. ಹೆಣಕ್ಕೆ ಪನ್ನೀರು ಚಿಮುಕಿಸಿದ ಹಾಗೆ.

"ಏನ್ಲಾ ಮೇಸ್ತ್ರಿ, ಇಲಿಗಿಲಿ ಸತ್ತಿತ್ತಾ ಒಳಗೆ?" ಎಂದರು ದೊಡ್ಡಪ್ಪ.

ಮೇಸ್ತ್ರಿ ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಿದ್ದರು. ಅದರ ತಲೆಯ ಮೇಲೆ ಉಳಿಯಿಂದ ಗುದ್ದಿದ ಮೂರು ಚುಕ್ಕಿಗಳಿದ್ದವು. ತಾವು ಬಿಚ್ಚಿ ಕಟ್ಟಿದ ಪ್ರತಿ ಪೆಟ್ಟಿಗೆಗೂ ಅವರು ಹಾಕುತ್ತಿದ್ದ ಗುರುತು ಅದು. ಕುಕ್ಕರುಗಾಲಿನಲ್ಲಿ ಕೂತಿದ್ದವರು ಎದ್ದು ದೊಡ್ಡಪ್ಪನ ಮುಂದೆ ನಿಂತರು.

"ಇದ್ನ ಮಾಡಿದ್ದು ನಾನೇ ಕಣ್ ಗೌಡ್ರೆ."

ಹೇಳಿದ್ದು ಇಷ್ಟು. ಚನ್ನರಾಯಪಟ್ಟಣದ ಶೆಡ್ಡಿನಲ್ಲಿದ್ದಾಗ ದಲ್ಲಾಳಿಗಳು ಸವೆದ ಗಾಡಿಗಳನ್ನು ಮಾರುವ ಮುಂಚೆ ಅವರ ಬಳಿ ತರುತ್ತಿದ್ದರು. ಗೇರ್ ಪೆಟ್ಟಿಗೆಯೊಳಕ್ಕೆ ಕಳಿತ ಬಾಳೆಹಣ್ಣು ತುಂಬುವುದು. ಹಲ್ಲುಗಳ ನಡುವೆ ಅದು ಮೆತ್ತಿಕೊಂಡು ಮೂರು ನಾಲ್ಕು ವಾರ ಸದ್ದು ಅಡಗುತ್ತದೆ. ಕೊಳ್ಳುವವನು ಕಿವಿಗೆ ಸ್ಕ್ರೂಡ್ರೈವರ್ ಇಟ್ಟರೂ ಏನೂ ಕೇಳುವುದಿಲ್ಲ. ಆಮೇಲೆ ನಾರು ಬೇರಿಂಗಿನ ದಾರಿಗಳಿಗೆ ಕಟ್ಟಿಕೊಂಡು ಆಯಿಲ್ ಹೋಗದಂತಾಗಿ, ಉಳಿದಿದ್ದ ಗೇರೂ ಹಾಳಾಗುತ್ತದೆ. ಹೀಗೆ ಎಷ್ಟೋ ಗಾಡಿಗೆ ಮಾಡಿದ್ದರು. ಕಡೆಗೆ ಊಟದ ಎಲೆಯಲ್ಲಿ ಹಣ್ಣು ಕಂಡರೂ ಊಟ ಬಿಟ್ಟು ಏಳುವಂತಾಗಿ ಆ ಶೆಡ್ಡು ಬಿಟ್ಟು ಬಂದಿದ್ದರು. ಬಣ್ಣ ಬದಲಾಗಿದ್ದರಿಂದ ಈ ಗಾಡಿಯ ಗುರುತು ಸಿಕ್ಕಿರಲಿಲ್ಲ.

"ಕೂಲಿ ಬ್ಯಾಡ ನಂಗೆ. ಆಸ್ನುಕ್ಕೋಗಿ ಗೇರು, ಫೋರ್ಕು, ಸ್ಪ್ರಿಂಗು ಉಡುಕ್ಕೊಂಡು ಬತ್ತೀನಿ. ಹಳೇ ಗಾಡಿ, ಸಾಮಾನು ಸಿಗಾದು ಕಷ್ಟ, ಎಂಟು ದಿನ ಇಡಿತದೆ. ಅಲ್ಲೀಗಂಟ ಲೋಡು ಆಕ್ಬ್ಯಾಡಿ."

ದೊಡ್ಡಪ್ಪ ಎಗರಿ ಬೀಳುತ್ತಾರೆ, ಕೆನ್ನೆಗೆ ಹೊಡೆದರೂ ಹೊಡೆದಾರು ಎಂದುಕೊಂಡೆ. ಅವರು ನಕ್ಕರು. ತೊಡೆ ತಟ್ಟಿಕೊಂಡು, ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಎಲಾ ಇವ್ನ! ಬಾಳೇಅಣ್ಣಾ? ಸಿಪ್ಪೆ ಸಮೇತವಾ, ಸುಲ್ದಾ?"

"ಸಿಪ್ಪೆ ಸಮೇತ."

"ಎಷ್ಟಣ್ಣು ಇಡಿತದೆ?"

ಮೇಸ್ತ್ರಿ ತಲೆ ತಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟರು. ಪಂಚಾಯ್ತಿಯ ಮುಂದೆ ತಪ್ಪೊಪ್ಪಿಕೊಳ್ಳುವವನ ಹಾಗೆ, ಯಾವ ಜಾತಿಯ ಹಣ್ಣು, ಎಷ್ಟು ಕಳಿತಿರಬೇಕು, ಜೊತೆಗೆ ಎಷ್ಟು ಮರದ ಹೊಟ್ಟು, ಎಲ್ಲ ಹೇಳಿದರು. ತಮ್ಮನ್ನು ವಿಚಾರಣೆ ಮಾಡುತ್ತಿದ್ದಾರೆ ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ದೊಡ್ಡಪ್ಪ ಕಲಿಯುತ್ತಿದ್ದರು.

ಮೇಲಿನ ಮುಚ್ಚಳ ಬಿಚ್ಚಿ ನೋಡಿದಾಗ ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಗೇರನ್ನು ಜರುಗಿಸುವ ಫೋರ್ಕು ಬ್ಲೇಡಿನಷ್ಟು ತೆಳ್ಳಗಾಗಿತ್ತು. ಸ್ಪ್ರಿಂಗು ಎರಡು ತುಂಡಾಗಿ ಬಿದ್ದಿತ್ತು. ಆದರೆ ದೊಡ್ಡಪ್ಪ ಎಂಟು ದಿನ ಕಾಯಲು ಒಪ್ಪಲಿಲ್ಲ. ಆಗಲೇ ಪಕ್ಕದ ಹೊಲಗಳಿಗೆ ಅಂಗಮಾರಿ ರೋಗ ಬಿದ್ದಿತ್ತು. ಮಳೆ ಹಿಡಿದರೆ ಗಡ್ಡೆ ನೆಲದಲ್ಲೇ ಕೊಳೆಯುತ್ತದೆ. ಇದು ಸುಳ್ಳಲ್ಲ. ಬಾಡಿಗೆಗೆ ಇನ್ನೊಂದು ಗಾಡಿ ಸಿಗುತ್ತಿತ್ತು, ಇದೂ ಸುಳ್ಳಲ್ಲ. ಸ್ವಂತ ಗಾಡಿ ಇಟ್ಟುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗುವುದು ಅವರಿಗೆ ಅವಮಾನ. ಹೊಸ ಆಯಿಲ್ ತರಲೂ ಕಾಯಲಿಲ್ಲ. ಅದೇ ಗಬ್ಬು ಆಯಿಲ್ಲನ್ನು ತಮ್ಮ ಹಳೇ ಪಂಚೆಯಲ್ಲಿ ಸೋಸಿಸಿ ಪೆಟ್ಟಿಗೆಗೆ ವಾಪಸ್ಸು ಹುಯ್ಯಿಸಿದರು. ಪಂಚೆಯಲ್ಲಿ ಉಳಿದ ನಾರಿನ ಮುದ್ದೆಯನ್ನು ನಾಯಿ ಮೂಸಿ ನೋಡಿ ಹಿಂದೆ ಸರಿಯಿತು.

"ನಮ್ಮುಡುಗ ಕಾಲು ಕೊಡ್ತಾನೆ ಬುಡಲಾ, ಏನಾಯ್ತದೆ?"

"ಕಾಲು ಅಂದ್ರೆ ಸ್ಪ್ರಿಂಗಲ್ಲ ಗೌಡ್ರೆ," ಎಂದರು ಮೇಸ್ತ್ರಿ. "ಕಾಲಿಗೆ ಮನಸೈತೆ."

ಹೊಲದಿಂದ ಊರಿಗೆ ಬರಬೇಕಾದರೆ ನಾಲೆಯ ಏರಿ ಹತ್ತಿ ಆಚೆ ಬದಿಗೆ ಇಳಿಯಬೇಕಿತ್ತು. ಇಳಿಜಾರಿನ ಬುಡದಲ್ಲಿ ಕಟ್ಟೆಯಿಲ್ಲದ ಒಂದು ಮೋರಿ, ಅದರ ಕೆಳಗೆ ಆಳೆತ್ತರದ ಹಳ್ಳ. ಮೇಸ್ತ್ರಿ ಮನೆಗೆ ಹೋಗಲಿಲ್ಲ. ಬೇವಿನ ದಿಮ್ಮಿಯೊಂದನ್ನು ಬಾಚಿಯಿಂದ ಒಂದು ಕಡೆ ಚೂಪಾಗಿ ಕೆತ್ತಿ, ಗಾಲಿಗೆ ಕೊಡುವ ಅಡ್ಡ ಮಾಡಿಕೊಂಡರು. ಪ್ರತಿ ಸಲ ಗಾಡಿ ಏರಿ ಇಳಿಯುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಟ್ರೇಲರಿನ ಗಾಲಿಯ ಪಕ್ಕದಲ್ಲೇ ನಡೆದು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ. ದೊಡ್ಡಪ್ಪನಿಗಂತೂ ಅದೊಂದು ತಮಾಷೆಯಾಗಿತ್ತು. "ಮೇಸ್ತ್ರಿ ಉತ್ಸವದ ಮುಂದೆ ದೀವಟಿಗೆ ಇಡ್ಕಂಡಂಗೆ ಇಡ್ಕಂಡವ್ನೆ ನೋಡ್ರಲಾ" ಎನ್ನುತ್ತಿದ್ದರು.

ಎರಡು ದಿನ ಏನೂ ಆಗಲಿಲ್ಲ.

ಮೂರನೇ ದಿನ ಸಂಜೆ ಆಲೂಗಡ್ಡೆ ಮೂಟೆಗಳ ಮೇಲೆ ಒಂಬತ್ತು ಜನ ಆಳು ಹೆಂಗಸರು ಕೂತಿದ್ದರು. ದೊಡ್ಡಪ್ಪ ಓಡಿಸುತ್ತಿದ್ದರು. ನಾನು ಎಡ ಮಡ್‌ಗಾರ್ಡಿನ ಮೇಲೆ ಕೂತು ಬಲಗಾಲಿನಿಂದ ಕಡ್ಡಿ ಒತ್ತಿದ್ದೆ. ಚಪ್ಪಲಿಗೆ ಕೆಸರು ಮೆತ್ತಿ ಜಾರುತ್ತಿದ್ದುದರಿಂದ ಅದನ್ನು ಬಿಚ್ಚಿ ಬರಿಗಾಲಿನಲ್ಲಿದ್ದೆ. ಆಳುಗಳಲ್ಲಿ ಎಲ್ಲರಿಗಿಂತ ಹಿರಿಯಾಕೆ ಮೂಟೆಯ ಮೇಲಿಂದ ಕೂಗಿದಳು: "ಲೇ ಕಾಲೇಜು ಮಗ, ಅಷ್ಟು ಓದಿ ಕಲ್ತಿದ್ದು ಕಾಲಲ್ಲಿ ಒತ್ತಾದ್ನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಏರಿಯ ನೆತ್ತಿ ದಾಟಿತ್ತು.

ಪೆಟ್ಟಿಗೆಯ ಮುಚ್ಚಳದ ಸಂದಿಯಿಂದ ಬಿಸಿ ಆಯಿಲ್ ಜಿನುಗಿ ಕಡ್ಡಿಯ ಬುಡಕ್ಕೆ ಬಂದಿತ್ತು. ಅದು ನನ್ನ ಹೆಬ್ಬೆರಳಿಗೆ ತಗುಲಿತು. ಸುಡುವಷ್ಟು ಬಿಸಿಯಿರಲಿಲ್ಲ, ಇದನ್ನು ನಾನು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬೆಚ್ಚಗೆ, ಲೋಳೆಯಾಗಿ, ಬೆರಳ ಸಂದಿಗೆ ನುಗ್ಗಿತು. ವಾಸನೆ ಬಂತು. ಬಾಂಡಲಿಗೆ ಬಿದ್ದ ಆ ನಾರಿನ ಉಂಡೆ ಕಣ್ಣಿಗೆ ಬಂತು. ಹೇಸಿಕೊಂಡು ಕಾಲನ್ನು ಮೇಲೆತ್ತಿ ಪ್ಯಾಂಟಿನ ಇನ್ನೊಂದು ಕಾಲಿಗೆ ಒರೆಸಿಕೊಂಡೆ...

ಟಕ್.

ಆ ಸದ್ದು ದೊಡ್ಡದಲ್ಲ. ಪೆಟ್ಟಿಗೆಯ ಚಿಲಕ ತೆಗೆದಷ್ಟೇ. ಆಮೇಲೆ ಇಂಜಿನ್ನಿನ ಸದ್ದೇ ಬೇರೆಯಾಗಿ ಹಗುರವಾಯಿತು, ಹಿಂದಿನ ಲೋಡು ಗಾಡಿಯನ್ನು ನೂಕಿತು. ದೊಡ್ಡಪ್ಪ ಬ್ರೇಕಿನ ಮೇಲೆ ನಿಂತರು. ಬ್ರೇಕು ಇದ್ದದ್ದು ಟ್ರಾಕ್ಟರಿಗೆ ಮಾತ್ರ. ಟ್ರೇಲರು ಅದನ್ನು ಪಕ್ಕಕ್ಕೆ ತಿರುಚಿಕೊಂಡು ಮುಂದೆ ಬರುತ್ತಿತ್ತು. ಹೆಂಗಸರ ನಗು ಅದೇ ದನಿಯಲ್ಲೇ ಚೀರಾಟವಾದದ್ದು ನನಗೆ ಇವತ್ತಿಗೂ ಕೇಳುತ್ತದೆ. ನಗು ಎಲ್ಲಿ ನಿಂತಿತು, ಚೀರಾಟ ಎಲ್ಲಿ ಶುರುವಾಯಿತು ಹೇಳಲಾರೆ. ನಾನು ಮತ್ತೆ ಕಾಲಿಟ್ಟೆ. ಒತ್ತಿದೆ. ತಿರುಗುವ ಹಲ್ಲಿಗೆ ಹಲ್ಲು ಬಡಿದು ಕಡ್ಡಿ ನನ್ನ ಪಾದವನ್ನೇ ಎತ್ತಿ ಒದೆಯಿತು.

ಹಿಂದೆ ತಿರುಗಿದಾಗ ಮೇಸ್ತ್ರಿ ಓಡುತ್ತಿದ್ದರು. ಆ ವಯಸ್ಸಿನಲ್ಲಿ, ದಿಮ್ಮಿಯನ್ನು ಎದೆಗವುಚಿಕೊಂಡು. ಒಂದು ಸಲ ಗಾಲಿಯ ಮುಂದೆ ಕೊಟ್ಟರು, ಗಾಲಿ ಅದನ್ನು ಎಗರಿಸಿ ಬಿಸಾಕಿತು. ಎತ್ತಿಕೊಂಡು ಮತ್ತೆ ಓಡಿದರು. ಮೋರಿಗೆ ಹತ್ತು ಹೆಜ್ಜೆ ಇದ್ದಾಗ ಎರಡನೇ ಸಲ ಕೊಟ್ಟರು. ಈ ಸಲ ಎಗರದಿರಲಿ ಎಂದು ಕೈ ಬಿಡಲಿಲ್ಲ. ಗಾಲಿ ದಿಮ್ಮಿಯ ಮೇಲೆ ಹತ್ತಿ, ನಡುಗಿ, ನಿಂತಿತು. ಟ್ರೇಲರಿನ ಮೂಲೆ ಮೋರಿಯ ಅಂಚು ದಾಟಿತ್ತು. ಎರಡು ಮೂಟೆ ಹಳ್ಳಕ್ಕೆ ಬಿದ್ದವು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ತರಚುಗಾಯ, ಉಳುಕು, ಅಷ್ಟೆ. ಒಂಬತ್ತೂ ಜನ ಉಳಿದರು.

ಮೇಸ್ತ್ರಿಯ ಬಲಗೈ ಗಾಲಿಗೂ ದಿಮ್ಮಿಗೂ ನಡುವೆ ಇತ್ತು.

ಹಾಸನದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ನಾನು ನೋಡಲು ಹೋದೆ, ದೊಡ್ಡಪ್ಪ ಬರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಕತೆ ಕಟ್ಟಿಯಾಗಿತ್ತು. 'ಮೇಸ್ತ್ರಿ ಮುಚ್ಚಳ ಬಿಚ್ಚಿ ಸರಿಯಾಗಿ ಕೂರಿಸಲಿಲ್ಲ, ಅದಕ್ಕೇ ಗೇರು ಕಳಚಿತು. ತಪ್ಪು ಮಾಡಿದವನ ಕೈಯನ್ನೇ ದೇವರು ತೆಗೆದ.' ಜಗಲಿಯ ಮೇಲೆ ದೊಡ್ಡಪ್ಪ ಇದನ್ನು ಹೇಳುವಾಗ ನಾನು ಹಲವು ಸಲ ಪಕ್ಕದಲ್ಲೇ ಕೂತಿದ್ದೆ. ಕಾಫಿ ಕುಡಿಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮೇಸ್ತ್ರಿ ಸೂರು ನೋಡುತ್ತಲೇ, "ಕಾಲು ಎತ್ಬುಟ್ರಿ ಅಲ್ವಾ ಸಾ" ಎಂದರು. ಪ್ರಶ್ನೆಯಲ್ಲ, ಬೈಗುಳವೂ ಅಲ್ಲ. ಯಾವ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದ ದನಿಯೇ.

"ಓಗ್ಲಿ ಬುಡಿ. ನಿಮ್ದೊಂದು ಗಳಿಗೆ. ನಂದು ವರ್ಷಗಟ್ಲೆ." ಕಟ್ಟು ಹಾಕಿದ ಕೈಯನ್ನು ಎದೆಯ ಮೇಲೆ ಸರಿಮಾಡಿಕೊಂಡರು. "ಒಂದು ಮಾತು ಕೊಡಿ. ಆ ಗಾಡೀನ ಇನ್ನೊಬ್ರಿಗೆ ದಾಟಿಸ್ಬ್ಯಾಡಿ. ಗುಜರಿಗಾಕಿ. ನಾನು ತುಂಬ್ದೆ ಅದುಕ್ಕೆ, ಆ ಪಾಪ ಇಲ್ಲಿಗೇ ನಿಂತ್ಕೊಳ್ಲಿ."

ಕೊಟ್ಟೆ. ಅವರ ಎಡಗೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಮಾತು ಕೊಟ್ಟೆ.

ಹದಿನೈದು ದಿನಕ್ಕೆ ದೊಡ್ಡಪ್ಪ ಬೆಳಿಗ್ಗೆ ನನ್ನನ್ನು ಕರೆದು, ಹೊಳೆನರಸೀಪುರದಿಂದ ಪಚ್ಚಬಾಳೆ ತರಲು ಹೇಳಿದರು. "ಚೆನ್ನಾಗಿ ಕಳ್ತಿರ್ಬೇಕು ಕಣ್ಲಾ, ಸಿಪ್ಪೆ ಕಪ್ಪಗಾಗಿದ್ರೆ ಇನ್ನೂ ವಾಸಿ." ಕೊಣನೂರು ಕಡೆಯಿಂದ ಯಾರೋ ಗಾಡಿ ನೋಡಲು ಬರುವವರಿದ್ದರು. ನನಗೆ ಎಲ್ಲ ಅರ್ಥವಾಯಿತು. ಆಗುವುದಿಲ್ಲ ಎನ್ನಬಹುದಿತ್ತು. ಬಸ್ಸಿನಲ್ಲಿ ಕೂತು ಹಾಗೇ ಹಾಸನಕ್ಕೆ ಹೋಗಿಬಿಡಬಹುದಿತ್ತು. ನಾನು ಮಾರುಕಟ್ಟೆಗೆ ಹೋಗಿ, ಹಣ್ಣಿನವಳ ಮುಂದೆ ಕೂತು ಒಂದೊಂದಾಗಿ ಹಿಚುಕಿ ನೋಡಿ ಆರಿಸಿದೆ. "ಏನಪ್ಪ, ಎಲ್ಲಾ ಕೊಳ್ತಿದ್ದೇ ಆರುಸ್ತೀಯ, ಹಸುಗಾ?" ಎಂದು ಕೇಳಿದಳು. "ಹೂಂ" ಎಂದೆ.

ದೊಡ್ಡಪ್ಪ ಪೆಟ್ಟಿಗೆಯ ಬಾಯಿಗೆ ಹಣ್ಣು ತುರುಕುವಾಗ ಮುಚ್ಚಳ ಹಿಡಿದುಕೊಂಡವನೂ ನಾನೇ. ಕಳಿತ ಹಣ್ಣು ಅವರ ಬೆರಳ ಸಂದಿಯಿಂದ ಪಿಚಕ್ಕೆಂದು ಹೊರಬರುತ್ತಿತ್ತು. ಅವರು ನಡುವೆ ಒಂದನ್ನು ಸುಲಿದು ತಿಂದರು. ಕೊಳ್ಳಲು ಬಂದವನು ನನ್ನ ವಯಸ್ಸಿನವನು, ಹೊಸದಾಗಿ ಮದುವೆಯಾಗಿದ್ದವನು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ಅವನ ಮುಖದ ಮೇಲೆ ಮೆಲ್ಲಗೆ ನಗು ಬಂತು. ನಾನು ನೋಡಿದೆ.

ಆಮೇಲೆ ನನಗೆ ಹಾಸನದಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಮೇಸ್ತ್ರಿ ಎದುರಾದರು. ಶೆಡ್ಡು ಮುಚ್ಚಿದ್ದರು. ಎರಡು ಬೆರಳಿನ ಕೈಗೆ ಟವೆಲ್ ಸುತ್ತಿಕೊಂಡಿದ್ದರು. ನಾನು ತಪ್ಪಿಸಿಕೊಳ್ಳುವ ಮುಂಚೆಯೇ, "ಬೀಯೆಸ್ಸಿ ಸಾ!" ಎಂದು ಕೂಗಿದರು. ಟೀ ಅವರೇ ಕೊಡಿಸಿದರು. ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ಏನ್ಮಾಡುದ್ರಿ?"

"ಗುಜರಿಗೆ ಹಾಕಿಬಿಟ್ವಿ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಆ ಮುಖವನ್ನು ಹೇಗೆ ಹೇಳಲಿ... ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಾಗ ಆಗುವ ಹಾಗೆ. "ದೊಡ್ಡ ಕೆಲ್ಸ ಮಾಡುದ್ರಿ ಕಣ್ ಸಾ" ಎಂದು ಟವೆಲ್ ಸುತ್ತಿದ ಕೈಯನ್ನು ನನ್ನ ಭುಜದ ಮೇಲಿಟ್ಟರು. ನನ್ನ ಬಸ್ಸು ಹೊರಡುವವರೆಗೂ ನಿಂತಿದ್ದು ಕೈ ಎತ್ತಿದರು.

ಅದಾಗಿ ಕೆಲವು ತಿಂಗಳಿಗೆ ಕೆಲಸದ ಮೇಲೆ ಕೊಣನೂರಿಗೆ ಹೋಗಿದ್ದೆ. ಸಂತೆಯ ದಿನ. ಟೀ ಅಂಗಡಿಯ ಮುಂದೆ ನಿಂತಿದ್ದಾಗ ಜನರ ನಡುವೆ ಆ ಕೆಂಪು ಟ್ರಾಕ್ಟರ್ ಬಂತು. ಟ್ರೇಲರಿನ ತುಂಬ ಸಂತೆಗೆ ಬಂದವರು. ಓಡಿಸುತ್ತಿದ್ದವನು ಅದನ್ನು ಕೊಂಡವನೇ. ಎಡ ಮಡ್‌ಗಾರ್ಡಿನ ಮೇಲೆ ಅವನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಮಗು. ಕಾಲುಂಗುರವಿದ್ದ ಬರಿಗಾಲಿನಿಂದ ಗೇರ್ ಕಡ್ಡಿಯನ್ನು ಒತ್ತಿ ಹಿಡಿದಿದ್ದಳು. ಆಯಿಲ್ ಪಾದದ ಮೇಲೆಲ್ಲ ಹರಿದು, ಬೆರಳ ಸಂದಿಯಲ್ಲಿ ತುಂಬಿ, ಗೆಜ್ಜೆಯವರೆಗೂ ಕಪ್ಪಾಗಿತ್ತು. ಗಾಡಿ ನನ್ನ ಮುಂದೆ, ಮೂರು ಮಾರು ದೂರದಲ್ಲಿ ದಾಟಿತು. ಅವಳು ಗಂಡನಿಗೆ ಏನೋ ಹೇಳಿ ನಗುತ್ತಿದ್ದಳು, ಮಗುವಿನ ಟೋಪಿ ಸರಿಮಾಡುತ್ತಿದ್ದಳು. ಕಾಲು ಮಾತ್ರ ಎತ್ತಲಿಲ್ಲ. ಅವಳಿಗೆ ಹೇಸಿಗೆಯಾಗುತ್ತಿರಲಿಲ್ಲ.

ನಾನು ಕೂಗಲಿಲ್ಲ. ಟೀ ಲೋಟ ಇಟ್ಟು, ಬೇರೆ ದಾರಿಯಿಂದ ಬಸ್ಸಿಗೆ ಹೋದೆ.

ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು. ಆ ಕೊಣನೂರಿನ ಗಂಡ ಹೆಂಡತಿ ಏನಾದರೆಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ದಿನವೂ ಹೋಗಲಿಲ್ಲ. ಮೇಸ್ತ್ರಿ ಹೋದ ಸುದ್ದಿ ಎರಡು ವರ್ಷದ ಹಿಂದೆ ಹೊಳೆನರಸೀಪುರದ ಪೆಟ್ರೋಲ್ ಬಂಕಿನಲ್ಲಿ ಯಾರೋ ಹೇಳಿ ತಿಳಿಯಿತು. ಕೊನೆಕೊನೆಗೆ ಅವರು, ಒಂದು ಗಾಡಿಯನ್ನಾದರೂ ಗುಜರಿಗೆ ಹಾಕಿಸಿದೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಹೇಳಿದವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಯಾವ ಗಾಡಿಯೋ ಏನೋ ಎಂದ.

ಅರಕಲಗೂಡಿನ ಆಚೆ ಅವತ್ತು ಬಾಯಿ ತೊಳೆದುಕೊಂಡು, ಡಿಕ್ಕಿಯ ಮ್ಯಾಟನ್ನು ಎಳೆದು ಬೇಲಿಗೆ ಬಿಸಾಕಿ, ಮತ್ತೆ ಕಾರು ಹತ್ತಿದೆ. ಮನೆಗೆ ಬಂದು ಬೂದಿ ಸಿಗದೆ ಸೋಪಿನಲ್ಲೇ ಕೈ ತೊಳೆದೆ. ಎಷ್ಟು ಹೊತ್ತು ತೊಳೆದೆನೋ, ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ನಿಂತಳು. "ಇನ್ನೂ ವಾಸನೆ ಬರ್ತಿದೆಯಾ?" ಎಂದು ಕೇಳಿದಳು.

ಹೇಳಲೇಬೇಕೆಂದು ಕೊನೆಗೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಆಲೂಗಡ್ಡೆ, ಏರಿ, ಬೆರಳುಗಳು, ಹಣ್ಣಿನವಳು, ಬಸ್ ನಿಲ್ದಾಣ. ಕೊಣನೂರಿನ ಸಂತೆಯ ಮಾತು ಬಂದಾಗ ಮಾತ್ರ, "ಮಗು ಇತ್ತಾ ಮಡಿಲಲ್ಲಿ?" ಎಂದಳು. ಇತ್ತು ಎಂದೆ.

ನನ್ನ ಪಕ್ಕದಿಂದ ಎದ್ದು ಒಳಗೆ ಹೋದಳು.